‘ನಾಳೆ ಬಾ’ ಅನ್ನುವ ಮಿದುಳು: ಎಡಿಎಚ್‌ಡಿ ಜೊತೆಗೆ ಕೊಲೆಸ್ಟ್ರಾಲ್

ಇವತ್ತಿನ ಕಂತನ್ನು ಓಕ್ಲ್ಯಾಂಡ್‌ನಲ್ಲಿರುವ ನನ್ನ ಮನೆಯ ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡ್ತಾ ಇದ್ದೀನಿ. ಎದುರಿಗೆ ಎರಡು ಮಾತ್ರೆ ಡಬ್ಬಿ ಇವೆ. ಒಂದು ಕೊಲೆಸ್ಟ್ರಾಲ್‌ಗೆ, ಇನ್ನೊಂದು ಎಡಿಎಚ್‌ಡಿಗೆ. ಎರಡೂ ನನ್ನವೇ.

ಮೊದಲು ಒಂದು ನಾಚಿಕೆಯ ಕಥೆ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ರಕ್ತಪರೀಕ್ಷೆಯ ವರದಿ ಬಂತು. ಕೊಲೆಸ್ಟ್ರಾಲ್ ಮಾತ್ರೆ ಶುರುಮಾಡಿ ಮೂರು ತಿಂಗಳು ದಾಟಿದ್ದರೂ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ‘ಡೋಸ್ ಹೆಚ್ಚಿಸೋಣ್ವಾ’ ಅಂದರು ವೈದ್ಯರು. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಯಾಕೋ ಅನುಮಾನ ಬಂದು ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. 90 ಮಾತ್ರೆಯ ಡಬ್ಬಿ. ಖಾಲಿಯಾಗಿರಬೇಕಿತ್ತು. 61 ಉಳಿದಿತ್ತು.

ಮಾತ್ರೆ ಸೋತಿರಲಿಲ್ಲ, ಹೊಟ್ಟೆಗೆ ಹೋಗಿರಲಿಲ್ಲ ಅಷ್ಟೆ. ಪ್ರಯೋಗಾಲಯದಲ್ಲಿ ಒಂದು ಮೈಕ್ರೋಲೀಟರ್ ಹೆಚ್ಚುಕಡಿಮೆ ಆಗದ ಹಾಗೆ ಅಳೆಯುವವನು ನಾನು. ನಮ್ಮಪ್ಪನಿಗೆ 52ನೇ ವಯಸ್ಸಿಗೇ ಸ್ಟೆಂಟ್ ಹಾಕಿದ್ದನ್ನು ಕಣ್ಣಾರೆ ನೋಡಿದವನು. ಆದರೂ ದಿನಕ್ಕೊಂದು ಮಾತ್ರೆ ನುಂಗೋಕೆ ಆಗಿರಲಿಲ್ಲ. ಇದು ಸೋಮಾರಿತನವಾ, ಅಜ್ಞಾನವಾ, ಅಥವಾ ಬೇರೆ ಏನಾದರೂನಾ? ಇವತ್ತಿನ ಕಂತು ಅದರ ಬಗ್ಗೆ.

ಮಿದುಳಿನ ಬಾಗಿಲ ಬರಹ

ನಮ್ಮೂರುಗಳ ಕಡೆ ಒಂದು ಕಾಲದಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದರಲ್ಲ, ನೆನಪಿದೆಯಾ? ರಾತ್ರಿ ದೆವ್ವ ಬಂದು ಬಾಗಿಲು ತಟ್ಟತ್ತೆ, ಬರಹ ಓದಿ ವಾಪಸ್ ಹೋಗತ್ತೆ, ಮಾರನೇ ದಿನ ಬಂದರೂ ಅದೇ ಬರಹ. ಎಡಿಎಚ್‌ಡಿ ಇರುವ ಮಿದುಳಿನ ಬಾಗಿಲ ಮೇಲೂ ಇದೇ ಬರಹ ಇರತ್ತೆ. ವ್ಯತ್ಯಾಸ ಏನಂದ್ರೆ, ಇಲ್ಲಿ ಬಂದು ವಾಪಸ್ ಹೋಗೋದು ದೆವ್ವ ಅಲ್ಲ, ನಮಗೆ ಬೇಕಾದ ಕೆಲಸಗಳು.

ಎಡಿಎಚ್‌ಡಿ ಅಂದರೆ ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಹೆಸರೇ ಸ್ವಲ್ಪ ದಾರಿ ತಪ್ಪಿಸತ್ತೆ. ಗಮನ ಕಡಿಮೆ ಇದೆ ಅನ್ನೋದಕ್ಕಿಂತ, ಗಮನವನ್ನು ಬೇಕಾದ ಕಡೆ ಬೇಕಾದ ಹೊತ್ತಿಗೆ ತಿರುಗಿಸುವ ಹಿಡಿತ ಸಡಿಲ. ಈ ಹಿಡಿತ ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಮತ್ತು ಅದಕ್ಕೆ ಜೋಡಿಸಿಕೊಂಡ ಜಾಲಗಳ ಕೆಲಸ. ಅಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ಎರಡು ರಾಸಾಯನಿಕಗಳ ಪಾತ್ರ ದೊಡ್ಡದು. ಮಕ್ಕಳಿಗೆ ಮಾತ್ರ ಬರುವ ತೊಂದರೆ ಅಂತ ತುಂಬಾ ಕಾಲ ನಂಬಿದ್ದರು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ ಐದನೇ ಆವೃತ್ತಿ ದೊಡ್ಡವರಿಗೆ ಹೊಂದುವ ಹಾಗೆ ಮಾನದಂಡಗಳನ್ನು ತಿದ್ದಿತು. ನನ್ನ ಹಾಗೆ ಮೂವತ್ತರ ನಂತರ ಗೊತ್ತಾದವರು ಈಗ ತುಂಬಾ ಜನ ಇದ್ದಾರೆ.

ನಮ್ಮ ಇವತ್ತಿನ ವಿಷಯಕ್ಕೆ ಬೇಕಾದ ಲಕ್ಷಣ ಒಂದೇ: ಕಾಲದ ಜೊತೆಗಿನ ಸಂಬಂಧ. ಇವತ್ತು ಸಿಗುವ ಸಣ್ಣ ಬಹುಮಾನ, ಮುಂದೆ ಸಿಗುವ ದೊಡ್ಡ ಬಹುಮಾನ, ಈ ಎರಡರ ನಡುವೆ ಆರಿಸಿ ಅಂದರೆ ಎಲ್ಲರೂ ಇವತ್ತಿನದರ ಕಡೆ ಸ್ವಲ್ಪ ವಾಲುತ್ತಾರೆ. ಎಡಿಎಚ್‌ಡಿ ಇರುವವರು ಸರಾಸರಿ ಇನ್ನೂ ಜಾಸ್ತಿ ವಾಲುತ್ತಾರೆ ಅಂತ ಅನೇಕ ಪ್ರಯೋಗಗಳು ತೋರಿಸಿವೆ. ಈ ಮಿದುಳಿಗೆ ‘ಈಗ’ ಮತ್ತು ‘ಈಗ ಅಲ್ಲ’ ಅನ್ನೋ ಎರಡೇ ಕಾಲ. ನಾಳೆ ಬೆಳಗ್ಗೆಯೂ ‘ಈಗ ಅಲ್ಲ’, 25 ವರ್ಷದ ನಂತರದ ಹೃದಯಾಘಾತವೂ ‘ಈಗ ಅಲ್ಲ’. ಎರಡೂ ಒಂದೇ ದೂರದಲ್ಲಿ ಕಾಣತ್ತೆ.

ಹನಿ ಹನಿ ಕೂಡಿದರೆ

ಈಗ ಕೊಲೆಸ್ಟ್ರಾಲ್ ಕಡೆ ಬರೋಣ. ಕೊಲೆಸ್ಟ್ರಾಲ್ ವಿಷ ಅಲ್ಲ. ಅದಿಲ್ಲದೆ ನಮ್ಮ ಒಂದೇ ಒಂದು ಜೀವಕೋಶದ ಗೋಡೆಯೂ ನಿಲ್ಲಲ್ಲ. ಅದನ್ನು ರಕ್ತದಲ್ಲಿ ಹೊತ್ತೊಯ್ಯುವ ಕಣಗಳಲ್ಲಿ ಒಂದು ಬಗೆ ಎಲ್‌ಡಿಎಲ್. ತೊಂದರೆ ಮಾಡೋದು ಇದು. ರಕ್ತನಾಳದ ಒಳಪದರದೊಳಗೆ ಈ ಕಣಗಳು ನುಸುಳಿ ಸಿಕ್ಕಿಹಾಕಿಕೊಳ್ಳುತ್ತವೆ. ಬಿಳಿ ರಕ್ತಕಣಗಳು ಬಂದು ಅವನ್ನು ನುಂಗಿ ಅಲ್ಲೇ ಉಬ್ಬಿ ಕೂರುತ್ತವೆ. ವರ್ಷಗಟ್ಟಲೆ ಹೀಗೇ ಆಗ್ತಾ ಆಗ್ತಾ ಒಂದು ಗಂಟು ಬೆಳೆಯತ್ತೆ. ನೋವಿಲ್ಲ, ಸುಸ್ತಿಲ್ಲ. ಒಂದು ದಿನ ಆ ಗಂಟು ಒಡೆದು ರಕ್ತ ಹೆಪ್ಪುಗಟ್ಟುವವರೆಗೂ ಏನೂ ಗೊತ್ತಾಗಲ್ಲ.

ರಕ್ತದಿಂದ ಎಲ್‌ಡಿಎಲ್ ತೆಗೆದುಹಾಕೋದು ಮುಖ್ಯವಾಗಿ ಲಿವರ್. ಅದರ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳು, ಅಂದರೆ ಒಂಥರಾ ಕೊಕ್ಕೆಗಳು ಇವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಟ್ಯಾಟಿನ್ ಮಾತ್ರೆಗಳು ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸೋದನ್ನು ತಗ್ಗಿಸುತ್ತವೆ. ಕೊರತೆ ಬಿದ್ದಾಗ ಲಿವರ್ ಹೆಚ್ಚು ಕೊಕ್ಕೆಗಳನ್ನು ಹೊರಗೆ ಹಾಕಿ ರಕ್ತದಿಂದ ಎಳೆದುಕೊಳ್ಳತ್ತೆ. ಎಷ್ಟು ಚೆಂದದ ಉಪಾಯ ನೋಡಿ.

ಇಲ್ಲಿ ನಮ್ಮ ಓಕ್ಲ್ಯಾಂಡ್‌ನ ಪಾತ್ರ ಶುರುವಾಗತ್ತೆ. 1985-86ರಲ್ಲಿ ಅಮೆರಿಕದ ನಾಲ್ಕು ಊರುಗಳಲ್ಲಿ, ಬರ್ಮಿಂಗ್‌ಹ್ಯಾಂ, ಶಿಕಾಗೊ, ಮಿನಿಯಾಪೊಲಿಸ್ ಮತ್ತು ಓಕ್ಲ್ಯಾಂಡ್‌ನಲ್ಲಿ, ‘ಕಾರ್ಡಿಯಾ’ ಅನ್ನೋ ಅಧ್ಯಯನ ಶುರುವಾಯಿತು. 18ರಿಂದ 30 ವಯಸ್ಸಿನ 5,115 ಜನ, ಕಪ್ಪು ಮತ್ತು ಬಿಳಿ ಜನಾಂಗದ ಯುವಕ ಯುವತಿಯರು. ಓಕ್ಲ್ಯಾಂಡ್‌ನವರನ್ನು ಇಲ್ಲಿನ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಯ ಸದಸ್ಯರಲ್ಲಿ ಆರಿಸಿದರು. ಹುಷಾರಾಗಿದ್ದ ಹುಡುಗ ಹುಡುಗಿಯರನ್ನು ಕರೆದು, ರಕ್ತ ತೆಗೆದು, ಮುಂದೆ ದಶಕಗಟ್ಟಲೆ ಹಿಂಬಾಲಿಸಿದ್ದಾರೆ.

2020ರಲ್ಲಿ ಆ ಮಾಹಿತಿಯಿಂದ ಒಂದು ಮುಖ್ಯ ಫಲಿತಾಂಶ ಬಂತು. ಹೃದಯರೋಗದ ಅಪಾಯ ಇವತ್ತಿನ ಎಲ್‌ಡಿಎಲ್ ಸಂಖ್ಯೆಗೆ ಮಾತ್ರ ಅಂಟಿಕೊಂಡಿಲ್ಲ, ಇಷ್ಟು ವರ್ಷ ರಕ್ತನಾಳ ಕಂಡ ಒಟ್ಟು ಎಲ್‌ಡಿಎಲ್‌ಗೆ ಅಂಟಿಕೊಂಡಿದೆ. ಲೆಕ್ಕ ಸುಲಭ. 80 ಇರುವವನು 20 ವರ್ಷದಲ್ಲಿ ಕೂಡಿಸಿಕೊಳ್ಳುವಷ್ಟನ್ನು 160 ಇರುವವನು 10 ವರ್ಷದಲ್ಲೇ ಕೂಡಿಸಿಕೊಳ್ತಾನೆ. ಇನ್ನೂ ಒಂದು ಮಾತಿದೆ. ಒಟ್ಟು ಮೊತ್ತ ಒಂದೇ ಆದರೂ, ಅದು ಚಿಕ್ಕ ವಯಸ್ಸಿನಲ್ಲೇ ಕೂಡಿಕೊಂಡಿದ್ದರೆ ಅಪಾಯ ಹೆಚ್ಚು. ಹನಿ ಹನಿ ಕೂಡಿದರೆ ಹಳ್ಳ ಅಂತೀವಲ್ಲ, ಇಲ್ಲಿ ಮೊದಲು ಬಿದ್ದ ಹನಿಗಳ ತೂಕ ಜಾಸ್ತಿ.

ಕಾರ್ಡಿಯಾದಲ್ಲಿ ನಮ್ಮಂಥವರು ಇರಲಿಲ್ಲ. ಆ ಕೊರತೆ ತುಂಬೋಕೆ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಶಿಕಾಗೊದ ನಾರ್ತ್‌ವೆಸ್ಟರ್ನ್ ಸೇರಿ 2010ರಲ್ಲಿ ಒಂದು ಅಧ್ಯಯನ ಶುರುಮಾಡಿದವು. ಹೆಸರು ಕೇಳಿದರೆ ನಗು ಬರತ್ತೆ, ‘ಮಸಾಲಾ’. ಅಮೆರಿಕದಲ್ಲಿ ಇರುವ ದಕ್ಷಿಣ ಏಷ್ಯಾದ 906 ಜನರಿಂದ ಶುರುವಾಗಿದ್ದು. ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂತಿರುವ ಪ್ರಮಾಣ ನಮ್ಮ ಗಂಡಸರಲ್ಲಿ ಬಿಳಿಯರಷ್ಟೇ ಇದೆ, ಕಪ್ಪು, ಲ್ಯಾಟಿನೊ ಮತ್ತು ಚೀನೀ ಮೂಲದ ಗಂಡಸರಿಗಿಂತ ಹೆಚ್ಚಿದೆ ಅಂತ ಅದರಲ್ಲಿ ಕಂಡುಬಂತು. 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲ ಅನ್ನೋದನ್ನೇ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿದ್ದಾರೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊಲೆಸ್ಟ್ರಾಲ್‌ನ ಹಾನಿ ದಶಕಗಳ ಮೇಲೆ ಹರಡಿಕೊಂಡದ್ದು. ಎಡಿಎಚ್‌ಡಿ ಇರುವವನಿಗೆ ದಶಕ ಅನ್ನೋದು ಕಾಣೋದೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಒಂದೇ ನೊಗಕ್ಕೆ ಕಟ್ಟಿದ ಆ ಜೋಡಿ ಇದು.

ಎಲ್ಲರೂ ಕೇಳುವ ಪ್ರಶ್ನೆ

‘ಎಡಿಎಚ್‌ಡಿ ಮಾತ್ರೆ ಹೃದಯಕ್ಕೆ ಕೆಟ್ಟದ್ದಂತೆ, ನಿಜಾನಾ?’ ನನ್ನ ತಾಯಿ ಕೇಳಿದ ಮೊದಲ ಪ್ರಶ್ನೆಯೂ ಇದೇ.

ಮೀಥೈಲ್‌ಫೆನಿಡೇಟ್ ಮತ್ತು ಆಂಫೆಟಮಿನ್ ಬಗೆಯ ಔಷಧಗಳು ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವ ಹಾಗೆ ಮಾಡ್ತವೆ. ಆದರೆ ನಾರ್‌ಅಡ್ರಿನಲಿನ್ ಹೃದಯಕ್ಕೂ ಸಂದೇಶ ಕೊಡುವ ರಾಸಾಯನಿಕ. ಹಾಗಾಗಿ ನಾಡಿಬಡಿತ ಮತ್ತು ರಕ್ತದೊತ್ತಡ ಸರಾಸರಿ ಕೆಲವು ಅಂಕ ಏರುತ್ತವೆ. ಅಟೊಮಾಕ್ಸೆಟಿನ್ ಆ ಗುಂಪಿಗೆ ಸೇರದಿದ್ದರೂ ಅದರಲ್ಲೂ ಈ ಏರಿಕೆ ಇದೆ. ಗ್ವಾನ್‌ಫಸಿನ್ ಅನ್ನೋದು ತದ್ವಿರುದ್ಧ, ಒತ್ತಡ ಇಳಿಸತ್ತೆ.

ಈ ಪ್ರಶ್ನೆಗೆ ದೊಡ್ಡ ಉತ್ತರವೊಂದು ಬಂದಿದ್ದೂ ಓಕ್ಲ್ಯಾಂಡ್‌ನಿಂದಲೇ. ಕೈಸರ್ ಪರ್ಮನೆಂಟೆಯ ಸಂಶೋಧನಾ ವಿಭಾಗದ ಲಾರೆಲ್ ಹೇಬಲ್ ಮತ್ತು ಸಂಗಡಿಗರು 25ರಿಂದ 64 ವಯಸ್ಸಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿ 2011ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಇವರಲ್ಲಿ ಸುಮಾರು ಒಂದೂವರೆ ಲಕ್ಷ ಜನ ಎಡಿಎಚ್‌ಡಿ ಔಷಧ ತೆಗೆದುಕೊಂಡವರು. ಹೃದಯಾಘಾತ, ಪಾರ್ಶ್ವವಾಯು, ಹಠಾತ್ ಹೃದಯಸಾವು, ಈ ಮೂರನ್ನೂ ಎಣಿಸಿದರು. ಔಷಧ ತೆಗೆದುಕೊಳ್ಳುವವರಲ್ಲಿ ಇವು ಹೆಚ್ಚಿರಲಿಲ್ಲ. ಒಂದು ಹೋಲಿಕೆಯಲ್ಲಂತೂ ಸ್ವಲ್ಪ ಕಡಿಮೆಯೇ ಕಂಡಿತು. ಹಾಗಂತ ಮಾತ್ರೆಯಿಂದ ಹೃದಯಕ್ಕೆ ರಕ್ಷಣೆ ಸಿಗತ್ತೆ ಅಂದುಕೊಳ್ಳಬೇಡಿ. ಹೃದಯ ದುರ್ಬಲ ಇರುವವರಿಗೆ ವೈದ್ಯರು ಈ ಔಷಧ ಬರೆಯೋದೇ ಕಡಿಮೆ, ಅದರಿಂದ ಲೆಕ್ಕ ವಾಲಿರಬಹುದು. ಇದನ್ನು ಸಂಶೋಧಕರೇ ಹೇಳಿದ್ದಾರೆ.

ಇನ್ನೊಂದು ಮಿತಿ: ಒಬ್ಬೊಬ್ಬರನ್ನು ನೋಡಿದ್ದು ಸರಾಸರಿ ಎರಡು ವರ್ಷಕ್ಕಿಂತ ಕಡಿಮೆ ಕಾಲ. ಮತ್ತೆ ಅದೇ ಕಾಲದ ಪ್ರಶ್ನೆ. 2023ರ ನವೆಂಬರ್‌ನಲ್ಲಿ ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳಿಂದ ಇನ್ನೊಂದು ಅಧ್ಯಯನ ಬಂತು. ಇದು 14 ವರ್ಷಗಳವರೆಗಿನದ್ದು. ಐದು ವರ್ಷಕ್ಕಿಂತ ಹೆಚ್ಚು ಔಷಧ ಬಳಸಿದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಶೇಕಡಾ 23ರಷ್ಟು ಹೆಚ್ಚು. ಬಿಡಿಸಿ ನೋಡಿದರೆ ಹೆಚ್ಚಿದ್ದು ಮುಖ್ಯವಾಗಿ ಅಧಿಕ ರಕ್ತದೊತ್ತಡ ಮತ್ತು ಅಪಧಮನಿಯ ಕಾಯಿಲೆಗಳು. ಹೃದಯಾಘಾತದ ಗುಂಪಿನಲ್ಲಿ ಸ್ಪಷ್ಟ ಏರಿಕೆ ಇರಲಿಲ್ಲ. ಇದೂ ದಾಖಲೆ ನೋಡಿ ಮಾಡಿದ ಅಧ್ಯಯನವೇ, ಕಾರಣವನ್ನು ಸಾಬೀತು ಮಾಡಲ್ಲ.

ತಕ್ಕಡಿಯ ಇನ್ನೊಂದು ಬದಿಯನ್ನೂ ನೋಡಬೇಕು. 2024ರಲ್ಲಿ ಅದೇ ಸ್ವೀಡನ್ನಿನ 1,48,578 ಜನರ ಮಾಹಿತಿಯಲ್ಲಿ, ಎಡಿಎಚ್‌ಡಿ ಔಷಧ ಶುರುಮಾಡಿದವರಲ್ಲಿ ಮುಂದಿನ ಎರಡು ವರ್ಷದ ಸಾವಿನ ಪ್ರಮಾಣ ಶುರುಮಾಡದವರಿಗಿಂತ ಕಡಿಮೆ ಕಂಡಿತು. ಅಪಘಾತದಂಥ ಅಸಹಜ ಸಾವುಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣ್ತಿತ್ತು.

ನಾನು ಇದನ್ನು ಹೀಗೆ ಅರ್ಥಮಾಡಿಕೊಂಡಿದ್ದೀನಿ: ಎಡಿಎಚ್‌ಡಿ ಮಾತ್ರೆಗೆ ಹೆದರಿ ಓಡಬೇಕಿಲ್ಲ, ಆದರೆ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಕೊಲೆಸ್ಟ್ರಾಲ್ ಹೆಚ್ಚಿದ್ದು, ಮೇಲೆ ಒತ್ತಡವೂ ಏರಿದರೆ ರಕ್ತನಾಳದ ಮೇಲೆ ಎರಡು ಕಡೆಯಿಂದ ಹೊಡೆತ. ಮನೆಯಲ್ಲಿ ಅಳೆಯುವ ಯಂತ್ರ ಒಂದಿರಲಿ. ಎದೆನೋವು, ತಲೆಸುತ್ತಿ ಬೀಳೋದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಸತ್ತಿರೋದು, ಇವು ಇದ್ದರೆ ಔಷಧ ಶುರುಮಾಡೋ ಮುಂಚೆಯೇ ಹೇಳಿ. ಗರ್ಭಧಾರಣೆಯ ಯೋಚನೆ ಇರುವವರು ಎರಡೂ ಮಾತ್ರೆಗಳ ಬಗ್ಗೆ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಯಾವುದನ್ನೂ ನೀವೇ ನಿಲ್ಲಿಸಬೇಡಿ.

ಎರಡು ಮಾತ್ರೆ ಜಗಳ ಆಡ್ತವಾ?

ಸಾಮಾನ್ಯವಾಗಿ ಇಲ್ಲ. ಆಟೊರ್ವಸ್ಟ್ಯಾಟಿನ್, ಸಿಮ್ವಸ್ಟ್ಯಾಟಿನ್ ಒಡೆಯೋದು ಸಿಪ್ 3ಎ4 ಅನ್ನೋ ಕಿಣ್ವ. ಮೀಥೈಲ್‌ಫೆನಿಡೇಟ್ ಒಡೆಯೋದು ಬೇರೆಯದೇ ಕಿಣ್ವ. ಅಟೊಮಾಕ್ಸೆಟಿನ್‌ನದು ಮೂರನೇ ದಾರಿ. ಒಬ್ಬರ ರಸ್ತೆಗೆ ಇನ್ನೊಬ್ಬರು ಅಡ್ಡ ಬರಲ್ಲ. ಆದರೂ ನಿಮ್ಮ ಪೂರ್ತಿ ಪಟ್ಟಿಯನ್ನು ಔಷಧಿ ಅಂಗಡಿಯವರಿಗೆ ಒಮ್ಮೆ ತೋರಿಸಿ.

ಸ್ಟ್ಯಾಟಿನ್‌ಗೆ ಅಡ್ಡ ಬರುವ ಒಬ್ಬ ನೆಂಟ ಮಾತ್ರ ನಮ್ಮ ತೋಟದಲ್ಲೇ ಇದ್ದಾನೆ. ಗ್ರೇಪ್‌ಫ್ರೂಟ್ ಹಣ್ಣು ಆ 3ಎ4 ಕಿಣ್ವವನ್ನು ಕರುಳಿನಲ್ಲಿ ತಡೆಯತ್ತೆ, ಮಾತ್ರೆ ರಕ್ತದಲ್ಲಿ ಜಾಸ್ತಿ ಸೇರತ್ತೆ. ಈ ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ. ಚಕ್ಕೋತದಲ್ಲೂ ಅದೇ ಬಗೆಯ ರಾಸಾಯನಿಕಗಳಿವೆ. ದೇವನಹಳ್ಳಿ ಚಕ್ಕೋತ ಇಷ್ಟಪಡುವವರು ಸಿಮ್ವಸ್ಟ್ಯಾಟಿನ್, ಆಟೊರ್ವಸ್ಟ್ಯಾಟಿನ್ ತೆಗೆದುಕೊಳ್ತಿದ್ದರೆ ವೈದ್ಯರನ್ನು ಕೇಳಿ. ರೊಸುವಸ್ಟ್ಯಾಟಿನ್‌ಗೆ ಈ ತಕರಾರು ಇಲ್ಲ.

ನಿಜವಾದ ಜಗಳ ಇರೋದು ಊಟದ ತಟ್ಟೆಯಲ್ಲಿ. ಎಡಿಎಚ್‌ಡಿ ಮಾತ್ರೆ ಹಸಿವು ಕೊಲ್ಲತ್ತೆ. ಮಧ್ಯಾಹ್ನದ ಊಟ ಮರೆತುಹೋಗತ್ತೆ. ಸಂಜೆ ಮಾತ್ರೆಯ ಪ್ರಭಾವ ಇಳಿದಾಗ ಹೊಟ್ಟೆ ಒಮ್ಮೆಲೇ ಕೂಗತ್ತೆ. ಆ ಹೊತ್ತಿಗೆ ಅಡುಗೆ ಮಾಡುವ ತಾಳ್ಮೆ ಇರಲ್ಲ. ಕೈಗೆ ಸಿಗೋದು ಚಕ್ಕುಲಿ, ಕೋಡುಬಳೆ, ಇಲ್ಲಾ ಫೋನಿನಲ್ಲಿ ತರಿಸಿದ ಪಿಜ್ಜಾ. ಹಗಲೆಲ್ಲಾ ಉಪವಾಸ, ರಾತ್ರಿ ಹಬ್ಬ.

ಕಾಫಿಯದೂ ಇದೇ ಕಥೆ. ರೋಗ ಗೊತ್ತಾಗುವ ಮುಂಚೆ ವರ್ಷಗಟ್ಟಲೆ ನಾನು ದಿನಕ್ಕೆ ಆರು ಲೋಟ ಫಿಲ್ಟರ್ ಕಾಫಿ ಕುಡಿದು ತಲೆ ನಿಲ್ಲಿಸಿಕೊಳ್ತಿದ್ದೆ. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನೋ ವಸ್ತು ಇದೆ, ಅದು ಎಲ್‌ಡಿಎಲ್ ಏರಿಸತ್ತೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದಿಡತ್ತೆ. ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರಿನಲ್ಲಿ ಕಾಗದ ಎಲ್ಲಿದೆ? ಬಿಡಿ ಅನ್ನಲ್ಲ, ಲೋಟ ಎಣಿಸಿ ಅಂತೀನಿ. ಎಡಿಎಚ್‌ಡಿ ಮಾತ್ರೆಯ ಮೇಲೆ ಕೆಫೀನ್ ಸೇರಿದರೆ ಎದೆಬಡಿತವೂ ಜೋರು. ಹಾಗೇ ಕೊಬ್ಬರಿ ಎಣ್ಣೆ: ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿದ 2020ರ ವಿಶ್ಲೇಷಣೆಯಲ್ಲಿ, ಸಾಮಾನ್ಯ ಸಸ್ಯ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಅನ್ನು ಸುಮಾರು 10 ಅಂಕ ಏರಿಸತ್ತೆ. ಕರಾವಳಿಯ ನೆಂಟರು ಬೈಯಬಾರದು.

ಹೆದರಿಕೆ ಯಾಕೆ ಸಾಲದು

2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವರ್ಷ. ಪ್ರಪಂಚದ ಯಾವ ಮೂಲೆಯಲ್ಲಿದ್ದ ಕನ್ನಡಿಗರೂ ಅವತ್ತು ಎದೆ ಮುಟ್ಟಿ ನೋಡಿಕೊಂಡರು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ಸಾಲುಗಟ್ಟಿದರು. ಇಲ್ಲಿ ನಾನೂ ರಕ್ತಪರೀಕ್ಷೆ ಮಾಡಿಸಿದೆ, ನನ್ನ ಸಂಖ್ಯೆ ಮೊದಲ ಸಲ ಗೊತ್ತಾಗಿದ್ದೇ ಆಗ. ಕೆಲವು ವಾರ ಓಡಿದೆ, ಓಟ್ಸ್ ತಿಂದೆ. ಆಮೇಲೆ ಭಯ ಆರಿಹೋಯಿತು. ಭಯ ಕೂಡ ‘ಈಗ’ ಇದ್ದಾಗ ಮಾತ್ರ ಕೆಲಸ ಮಾಡತ್ತೆ.

ಅದಕ್ಕೇ ನನ್ನ ಮಾತು ಇಷ್ಟೇ: ಎಡಿಎಚ್‌ಡಿ ಇರುವವರಿಗೆ ಕೊಲೆಸ್ಟ್ರಾಲ್ ಬಗ್ಗೆ ಮಾಹಿತಿ ಕಡಿಮೆ ಆಗಿಲ್ಲ, ಮನಸ್ಸೂ ಕೆಟ್ಟಿಲ್ಲ. ನೆನಪು ಮತ್ತು ಸಂಕಲ್ಪದ ಮೇಲೆ ನಿಂತ ಚಿಕಿತ್ಸೆ ಅವರಿಗೆ ಹೊಂದಲ್ಲ. ಚಿಕಿತ್ಸೆಯನ್ನು ನೆನಪಿನಿಂದ ಕಳಚಿ ಮನೆಯ ವಸ್ತುಗಳಿಗೆ ಅಂಟಿಸಬೇಕು. ನಾನು ಮಾಡಿದ್ದು ಹೇಳ್ತೀನಿ.

ಒಂದು, ಮಾತ್ರೆಯ ಹೊತ್ತು ಬದಲಿಸಿದೆ. ಸ್ಟ್ಯಾಟಿನ್ ಅಂದರೆ ರಾತ್ರಿಯೇ ಅಂತ ತುಂಬಾ ಜನ ನಂಬಿದ್ದಾರೆ. ಸಿಮ್ವಸ್ಟ್ಯಾಟಿನ್ ಥರದ, ದೇಹದಿಂದ ಬೇಗ ಹೋಗುವ ಮಾತ್ರೆಗಳಿಗೆ ಅದು ಸರಿ. ಆಟೊರ್ವಸ್ಟ್ಯಾಟಿನ್ ಮತ್ತು ರೊಸುವಸ್ಟ್ಯಾಟಿನ್ ದೇಹದಲ್ಲಿ ತುಂಬಾ ಹೊತ್ತು ಉಳಿಯುತ್ತವೆ, ಯಾವ ಹೊತ್ತಿಗಾದರೂ ನುಂಗಬಹುದು. ರಾತ್ರಿ ನನ್ನ ಮಿದುಳು ಅಂಗಡಿ ಮುಚ್ಚಿರತ್ತೆ. ಈಗ ಎರಡೂ ಬೆಳಗ್ಗೆಯೇ, ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ.

ಎರಡು, ಏಳು ಖಾನೆಯ ಡಬ್ಬಿ. ಇದು ನೆನಪಿಸೋಕಲ್ಲ, ಸಾಕ್ಷಿ ಹೇಳೋಕೆ. ‘ಇವತ್ತು ನುಂಗಿದೆನಾ?’ ಅನ್ನೋ ಪ್ರಶ್ನೆಗೆ ನನ್ನ ತಲೆ ಸುಳ್ಳು ಹೇಳತ್ತೆ, ಡಬ್ಬಿ ಹೇಳಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ, ಸುಮ್ಮನೆ ಮುಂದುವರಿಸಿ.

ಮೂರು, ತರುವ ಕೆಲಸವನ್ನೇ ಕಡಿಮೆ ಮಾಡಿದೆ. ಇಲ್ಲೊಂದು ವ್ಯಂಗ್ಯ ಇದೆ. ಅಮೆರಿಕದಲ್ಲಿ ಸ್ಟ್ಯಾಟಿನ್ 90 ದಿನದ್ದು ಒಮ್ಮೆಲೇ ಅಂಚೆಯಲ್ಲಿ ಬರತ್ತೆ. ಎಡಿಎಚ್‌ಡಿಯ ಉತ್ತೇಜಕ ಔಷಧಗಳು ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ, ಹಳೇ ಚೀಟಿ ತೋರಿಸಿ ಮತ್ತೆ ತೆಗೆದುಕೊಳ್ಳೋಕೆ ಆಗಲ್ಲ, ಪ್ರತಿ ಸಲ ಹೊಸ ಚೀಟಿ ಬೇಕು. ಮರೆಯುವ ಕಾಯಿಲೆಯ ಔಷಧಕ್ಕೇ ಅತಿ ಹೆಚ್ಚು ನೆನಪು ಬೇಕು! 2022ರ ಅಕ್ಟೋಬರ್‌ನಲ್ಲಿ ಅಡ್ಡೆರಾಲ್ ಕೊರತೆ ಅಧಿಕೃತವಾಗಿ ಘೋಷಣೆಯಾದ ಮೇಲಂತೂ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಅಲೆದಾಟ. ಆ ವಾರಗಳಲ್ಲಿ ಎಡಿಎಚ್‌ಡಿ ಮಾತ್ರೆ ತಪ್ಪಿದಾಗ ಸ್ಟ್ಯಾಟಿನ್ ಕೂಡ ತಪ್ಪಿತ್ತು. ಒಂದು ಬಿದ್ದರೆ ಇನ್ನೊಂದು ಬೀಳತ್ತೆ ಅಂತ ಆಗ ಗೊತ್ತಾಯಿತು.

ನಾಲ್ಕು, ಊಟವನ್ನು ಹಸಿವಿಗೆ ಬಿಡದೆ ಗಡಿಯಾರಕ್ಕೆ ಕಟ್ಟಿದೆ. ಮಾತ್ರೆ ಕೆಲಸ ಶುರುಮಾಡೋ ಮುಂಚೆ ಗಟ್ಟಿ ತಿಂಡಿ. ಮಧ್ಯಾಹ್ನ ಒಂದು ಗಂಟೆಗೆ ಮೊಸರನ್ನ, ಉಸಲಿ, ಇಲ್ಲಾ ಹುರುಳಿ ಸಾರು ಅನ್ನ, ಯೋಚನೆ ಮಾಡೋಕಿಲ್ಲ. ಓಟ್ಸ್, ಬಾರ್ಲಿ, ಬೇಳೆಕಾಳು, ಇಸಬಗೋಲಿನಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸತ್ತೆ. ಅದನ್ನು ಮತ್ತೆ ತಯಾರಿಸೋಕೆ ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳತ್ತೆ.

ಐದು, ನಡಿಗೆ. ಒಬ್ಬನೇ ಹೋಗ್ತೀನಿ ಅಂದರೆ ಹೋಗಲ್ಲ. ಶನಿವಾರ ಬೆಳಗ್ಗೆ ಅಮ್ಮನಿಗೆ ಫೋನ್ ಹಚ್ಚಿ ಲೇಕ್ ಮೆರಿಟ್ ಸುತ್ತ ಹೊರಡ್ತೀನಿ. ಒಂದು ಸುತ್ತು ಸುಮಾರು ಐದೂವರೆ ಕಿಲೋಮೀಟರ್. ಅವರು ಮೈಸೂರಿನಲ್ಲಿ ರಾತ್ರಿ ಊಟ ಮುಗಿಸಿ ಕೂತಿರ್ತಾರೆ. ಅವರ ಮಾತು ಮುಗಿಯುವಷ್ಟರಲ್ಲಿ ನನ್ನ ಸುತ್ತು ಮುಗಿದಿರತ್ತೆ.

ಇಷ್ಟಾದರೂ ಆಗಲ್ಲ ಅನ್ನುವವರಿಗೆ ದಾರಿ ಇದೆ. ಇನ್‌ಕ್ಲಿಸಿರಾನ್ ಅನ್ನೋ ಚುಚ್ಚುಮದ್ದು, ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು. ಮೊದಲ ಎರಡು ಡೋಸ್ ಆದಮೇಲೆ ಆರು ತಿಂಗಳಿಗೊಮ್ಮೆ ಸಾಕು. ದುಬಾರಿ, ಎಲ್ಲರಿಗೂ ಅಲ್ಲ. ಆದರೆ ‘ಮಾತ್ರೆ ಮರೀತೀನಿ’ ಅನ್ನೋದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿದರೆ ತಾನೇ ಇಂಥ ಮಾತು ಬರೋದು? ನಾನು ಹೇಳದೆ ತಲೆಯಾಡಿಸಿದ್ದರಿಂದ ಡೋಸ್ ಏರುವುದರಲ್ಲಿತ್ತು. ಎಣಿಸಿದ ಮೇಲೆ ಫೋನ್ ಮಾಡಿ ನಿಜ ಹೇಳಿದೆ. ಹಳೇ ಡೋಸ್‌ನಲ್ಲೇ ಮುಂದುವರಿದೆ. ಮೂರು ತಿಂಗಳ ನಂತರದ ವರದಿಯಲ್ಲಿ ಎಲ್‌ಡಿಎಲ್ ಅರ್ಧಕ್ಕೆ ಹತ್ತಿರ ಇಳಿದಿತ್ತು.

ಕೊನೆಯ ಮಾತು. ಎಡಿಎಚ್‌ಡಿ ಕುಟುಂಬಗಳಲ್ಲಿ ಹರಿದುಬರತ್ತೆ. ತುಂಬಾ ಹೆಚ್ಚಿನ ಕೊಲೆಸ್ಟ್ರಾಲ್‌ನ ಒಂದು ಬಗೆಯೂ ಹಾಗೇ, ಸುಮಾರು 250 ಜನರಲ್ಲಿ ಒಬ್ಬರಿಗೆ ಇರತ್ತೆ, ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ನಿಮಗೆ ಇವುಗಳಲ್ಲಿ ಯಾವುದಾದರೂ ಇದೆ ಅಂತ ಗೊತ್ತಾದರೆ ತಮ್ಮ, ತಂಗಿ, ದೊಡ್ಡಪ್ಪನ ಮಕ್ಕಳಿಗೂ ತಿಳಿಸಿ. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ಬಗ್ಗೆ ಮದುವೆಮನೆಯಲ್ಲೂ ಮಾತಾಡ್ತೀವಿ, ಇವೆರಡರ ಬಗ್ಗೆ ಬಾಯಿ ಬಿಡಲ್ಲ.

ಈ ಕಂತು ಕೇಳ್ತಾ ಇರುವಾಗಲೇ ಒಂದು ಕೆಲಸ ಮಾಡಿ. ಎದ್ದು ಹೋಗಿ ನಿಮ್ಮ ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಅಂತ ಎಣಿಸಿ. ಯಾರಿಗೂ ಹೇಳಬೇಡಿ, ನಿಮ್ಮ ವೈದ್ಯರಿಗೆ ಮಾತ್ರ ಹೇಳಿ. ನಾಳೆ ಅಲ್ಲ, ಈಗ.